ಕಣ್ಣಿನ ಗಾಡಿಯ ನಾಲ್ಕು ಕಾಲು

ಐನಾಪುರದಿಂದ ಕಾಗವಾಡಕ್ಕೆ ಹೋಗುವ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಹೊರಳುವ ಕ್ರಾಸಿನ ಹತ್ತಿರ, ತಗಡಿನದೊಂದು ಶೆಡ್ಡು ಇತ್ತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಬೋರ್ಡು ಯಾರಿಗೆ ಬೇಕಾಗಿತ್ತು? ರಾಯಬಾಗದಿಂದ ಅಥಣಿಯವರೆಗೆ ಯಾವ ಲಾರಿ ಡ್ರೈವರನನ್ನು ಕೇಳಿದರೂ, ಜಾಕಿ ಸೋರುತ್ತಿದ್ದರೆ ವಾಯ್ಸರ್ ರಾಜಾರಾಮನ ಹತ್ತಿರ ಹೋಗು ಎನ್ನುತ್ತಿದ್ದ. ಜಾಕಿಯ ಹೊಟ್ಟೆಯೊಳಗೆ ಎಣ್ಣೆಯನ್ನು ತಡೆದು ನಿಲ್ಲಿಸುವ ಬಟ್ಟಲಿನಂಥ ಬಿಲ್ಲೆಗೆ ಆ ಕಡೆ ವಾಯ್ಸರ್ ಎನ್ನುತ್ತಾರೆ. ರಬ್ಬರಿನದು ಬೇಕೆಂದರೆ ಕೊಲ್ಲಾಪುರಕ್ಕೆ ಹೋಗಬೇಕು. ಹೋದರೂ ಅಳತೆಗೆ ಸರಿಯಾದದ್ದು ಸಿಗುವ ಭರವಸೆಯಿಲ್ಲ. ರಾಜಾರಾಮ ಎತ್ತಿನ ತೊಗಲನ್ನು ನೆನೆಸಿ, ಕಟ್ಟಿಗೆಯ ಅಚ್ಚಿನಲ್ಲಿ ಒತ್ತಿ, ಔಡಲ ಎಣ್ಣೆ ಕುಡಿಸಿ, ಅಲ್ಲೇ ಕೂತು ವಾಯ್ಸರ್ ಮಾಡಿಕೊಡುತ್ತಿದ್ದ. ಕೂಡಿಸುವಾಗ ಯಾರಾದರೂ ಬಗ್ಗಿ ನೋಡಿದರೆ ಮಾತ್ರ ಅವನ ಪಿತ್ತ ನೆತ್ತಿಗೇರುತ್ತಿತ್ತು. "ನೀನ ಮಾಡ್ಕೋತಿ ಏನಪಾ? ತಗೋ ಪಾನಾ, ನಾ ಚಾ ಕುಡದ ಬರ್ತೀನಿ" ಎಂದು ನಟ್ಟು ತಿರುವುವ ಪಾನಾವನ್ನು ಅವನ ಕೈಗೆ ತುರುಕಿ ಎದ್ದೇ ಬಿಡುತ್ತಿದ್ದ.

ಈ ಸಿಟ್ಟು, ಈ ಕೈ, ಎರಡೂ ಅಪ್ಪನಿಂದ ಬಂದದ್ದು. ಅಪ್ಪ ಗಂಗಾರಾಮ ಸಮಗಾರರ ಕೇರಿಯ ಹಿರಿಯ. ಅವನು ಹೊಲಿಯುತ್ತಿದ್ದದ್ದು ಮೋಟ, ಅಂದರೆ ಎತ್ತು ಹೂಡಿ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲಿನ ಚೀಲ. ಕುಸುಬಿ ಎಣ್ಣೆಯನ್ನು ಗಡಿಗೆಯಲ್ಲಿ ಕುದಿಸಿ ಕುದಿಸಿ, ಅದು ಕಾಕಂಬಿಯಂತೆ ದಪ್ಪಗಾದ ಮೇಲೆ ತೊಗಲಿಗೆ ಹಚ್ಚುತ್ತಿದ್ದ. ಹಾಗೆ ಹದಗೊಂಡ ಮೋಟ ವರ್ಷಗಟ್ಟಲೆ ನೀರಿನಲ್ಲಿ ಮುಳುಗಿ ಎದ್ದರೂ ಕೊಳೆಯುತ್ತಿರಲಿಲ್ಲ. ಗಂಗಾರಾಮನ ಮೋಟದಿಂದ ಒಂದು ಹನಿ ಸೋರಿದ್ದನ್ನು ಕಂಡವರಿಲ್ಲ ಎಂದು ಮಗ ಹೇಳುತ್ತಿದ್ದ. ಕಂಡವರು ಊರಲ್ಲಿ ಇದ್ದರು. ರಾಜಾರಾಮನ ಎದುರಿಗೆ ಹೇಳುವವರು ಇರಲಿಲ್ಲ. ಬಾವಿಗಳಿಗೆ ಕರೆಂಟಿನ ಮೋಟಾರು ಬಂದು ಕೂತ ಮೇಲೆ ಮೋಟ ಕೇಳುವವರು ಯಾರೂ ಉಳಿಯಲಿಲ್ಲ. ಮುದುಕ ಕಡೆಯ ಮೋಟವನ್ನು ಮನೆಯ ತೊಲೆಗೆ ತೂಗುಹಾಕಿ, ಅದನ್ನೇ ನೋಡುತ್ತ ಮಲಗಿದವನು ಒಂದು ಬೇಸಗೆಯಲ್ಲಿ ತೀರಿಹೋದ. ಮಗ ನಿಪ್ಪಾಣಿಯ ಹೈವೇ ಗ್ಯಾರೇಜಿಗೆ ಹೋಗಿ, ಬೈಸಿಕೊಂಡು, ಜಾಕಿಯ ಕೆಲಸ ಕಲಿತು ಬಂದ. ತೊಗಲು ಕೈಬಿಡಲಿಲ್ಲವಲ್ಲ ಎಂಬುದೇ ಅವನಿಗೆ ಸಮಾಧಾನ.

ಅವನ ಹೆಂಡತಿ ಸುಂದರಾ. ಕೊಲ್ಲಾಪುರಿ ಚಪ್ಪಲಿಯ ಪಟ್ಟಿಗೆ ತೊಗಲಿನ ಸಣ್ಣ ಎಳೆಗಳಿಂದ ಜಡೆ ಹೆಣೆಯುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ಅವಳ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂತು. ಇನ್ನೂ ಮುದುಕಿಯಾಗುವ ವಯಸ್ಸಲ್ಲ. ಮೊದಲು ಎಳೆ ತಪ್ಪಿತು, ಆಮೇಲೆ ಸೂಜಿ ತಪ್ಪಿತು, ಕಡೆಗೆ ಒಲೆಯ ಮೇಲಿನ ರೊಟ್ಟಿ ಸೀದದ್ದು ವಾಸನೆಯಿಂದ ತಿಳಿಯುವಂತಾಯಿತು. ದೊಡ್ಡ ಊರಿನ ದವಾಖಾನೆಗೆ ಕರೆದೊಯ್ಯುತ್ತೇನೆಂದರೆ ಅವಳು ಒಲ್ಲಳು. ಅಕ್ಕ ಅಕ್ಕುತಾಯಿ ಹಾಗೆಯೇ ಕಣ್ಣು ಮಾಡಿಸಿಕೊಳ್ಳಲು ಹೋಗಿ, ದಾರಿಯಲ್ಲೇ ಜ್ವರ ಹತ್ತಿ, ಹೆಣವಾಗಿ ಎತ್ತಿನ ಗಾಡಿಯಲ್ಲಿ ಬಂದಿದ್ದಳು. "ಕುರುಡಿ ಆಗಿ ಬದಕ್ತೀನ್ರಿ, ಊರ ಬಿಟ್ಟ ಹೋಗಿ ಸಾಯೂದಿಲ್ಲ" ಎಂದು ಸುಂದರಾ ಗಟ್ಟಿಯಾಗಿ ಕೂತಳು. ರಾಜಾರಾಮ ಕೂಗಾಡಿದ, ಉಪವಾಸ ಬಿದ್ದ. ಅವನ ಸಿಟ್ಟಿಗೆ ಸೊಪ್ಪು ಹಾಕದವಳು ಊರಿನಲ್ಲಿ ಅವಳೊಬ್ಬಳೇ.

ಹೀಗಿರುವಾಗ ಊರಿಗೆ ಕಣ್ಣಿನ ಗಾಡಿ ಬಂತು. ಅದೊಂದು ವಿಚಿತ್ರ ಗಾಡಿ. ಯಾರೋ ವಿದೇಶಿ ಗಂಡಹೆಂಡತಿ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ದೇಶ ದೇಶ ಸುತ್ತಿ ಬಂದು ಕಡೆಗೆ ಮುಂಬಯಿಯಲ್ಲಿ ಮಾರಿ ಹೋಗಿದ್ದರಂತೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು ಕೂಡಿ ಕಟ್ಟಿದ ಒಂದು ಧರ್ಮಾರ್ಥ ಮಂಡಳಿ ಅದನ್ನು ಕೊಂಡು, ಮಂಚ ಒಲೆ ಕಿತ್ತು, ಆಪರೇಶನ್ ಟೇಬಲ್ಲು ಕೂಡಿಸಿತು. ಗಾಡಿಯ ಹೊಟ್ಟೆಯ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಾಲುಗಳಿದ್ದವು. ಒಂದು ಹಿಡಿಕೆ ಒತ್ತಿದರೆ ಎಣ್ಣೆಯ ಬಲದಿಂದ ಅವು ಕೆಳಗಿಳಿದು ನೆಲಕ್ಕೆ ಊರಿ, ಗಾಡಿಯನ್ನು ಎತ್ತಿ ಸಮಮಾಡಿ ನಿಲ್ಲಿಸುತ್ತಿದ್ದವು. ನೆಲ ಹೇಗೇ ಇರಲಿ, ಮೇಲೆ ಟೇಬಲ್ಲು ಮಾತ್ರ ಮಟ್ಟವಾಗಿರಬೇಕು. ಇದು ಗಾಡಿಯ ಹೆಚ್ಚುಗಾರಿಕೆ. ಆದರೆ ಹಳೆಯ ಗಾಡಿ. ಕಾಲುಗಳು ಸೋರುತ್ತಿದ್ದವು, ಮುಂಜಾನೆ ಎತ್ತಿದ್ದು ಮಧ್ಯಾಹ್ನಕ್ಕೆ ಕುಸಿಯುತ್ತಿತ್ತು. ಹಾಗಾಗಿ ಮೊದಲೇ ಸಪಾಟಾದ ಜಾಗ ಹುಡುಕಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು.

ಊರಲ್ಲಿ ಸಪಾಟಾದ ಜಾಗವೆಂದರೆ ಲಕ್ಷ್ಮೀ ಗುಡಿಯ ಫರಸಿ ಕಲ್ಲು ಹಾಸಿದ ಅಂಗಳ. ಗಾಡಿ ಅಲ್ಲಿಯೇ ನಿಂತಿತು. ಶಿಬಿರದ ಊಟ, ಹಾಸಿಗೆ, ಎಲ್ಲ ಊರ ಹಿರಿಯ ಅಣ್ಣಾಸಾಬರದು. ಮೃದು ಮಾತಿನ ಮನುಷ್ಯ. ಬೈದದ್ದನ್ನು ಯಾರೂ ಕೇಳಿಲ್ಲ. ಕೇರಿಯವರು ಬರಬಾರದೆಂದು ಅವರೇನೂ ಅನ್ನಲಿಲ್ಲ. ಅಂಗಳದ ಹೊರಗೆ, ಬಿಸಿಲಿನ ಕಡೆ, ನಿಲ್ಲಲು ಹೇಳಿದರು. ಗುಡಿಯ ಕಡೆಯವರದು ಮುಗಿಯಲಿ, ಆಮೇಲೆ ನಿಮ್ಮದು ಎಂದರು. ಸುಂದರಾ ಸೆರಗು ತಲೆಗೆ ಹೊದ್ದು ಮುಂಜಾನೆಯಿಂದ ನಿಂತಳು. ಅವಳ ಪಾಳಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು, ಡಾಕ್ಟರರು ಕೈ ತೊಳೆದುಕೊಳ್ಳುತ್ತಿದ್ದರು. ಮನೆಗೆ ಬಂದವಳು ತಂಬಿಗೆ ನೀರನ್ನು ಗಟಗಟ ಕುಡಿದು ಒಂದೇ ಮಾತು ಹೇಳಿದಳು: "ನಾ ಇನ್ನ ಆ ಅಂಗಳಕ್ಕ ಬರೂದಿಲ್ರಿ. ಗಾಡಿ ನಮ್ಮ ಕೇರಿಗೆ ಬಂದ್ರ ಮಾಡಿಸ್ಕೋತೀನಿ."

ರಾಜಾರಾಮ ಮರುದಿನವೇ ಹೋಗಿ ಡಾಕ್ಟರನ್ನು ಕೇಳಿದ. ಚಂದ್ರಮತಿಬಾಯಿ ಎಂದು ಅವರ ಹೆಸರು. ಕೊಲ್ಲಾಪುರದ ಕಡೆಯವರು, ದಣಿದ ಮುಖದ ಒಳ್ಳೆಯ ಹೆಂಗಸು. ಅವರು ಉತ್ತರ ಕೊಡುವ ಮೊದಲೇ ಅಣ್ಣಾಸಾಬರು ನಕ್ಕು ಹೇಳಿದರು: "ಅಲ್ಲಿ ನೆಲ ಹಳ್ಳದ ಕಡೆ ಇಳಕಲ ಐತ್ರಿ ಬಾಯಿ. ಗಾಡಿ ನಿಲ್ಲೂದಿಲ್ಲ. ನಿಲ್ಲೂ ಹಂಗ ಇದ್ದಿದ್ರ ನಾವ್ಯಾಕ ಬ್ಯಾಡ ಅಂತಿದ್ದಿವಿ?" ಅದು ಸುಳ್ಳಲ್ಲ. ಸಮಗಾರರ ಕೇರಿಯಲ್ಲಿ ಇದ್ದ ಒಂದೇ ಬಯಲು ಸಮಾಜ ಮಂದಿರದ ಮುಂದಿನದು, ಅದು ಹಳ್ಳದ ಕಡೆಗೆ ಇಳಿಜಾರಾಗಿಯೇ ಇತ್ತು. ಊರು ಕಟ್ಟಿದವರು ಸಪಾಟು ನೆಲವನ್ನು ತಮಗೆ ಇಟ್ಟುಕೊಂಡು ಉಳಿದದ್ದನ್ನು ಯಾರಿಗೆ ಕೊಟ್ಟರೆಂದು ಬಿಡಿಸಿ ಹೇಳಬೇಕಿಲ್ಲ.

"ಕಾಲ ಸೋರಲಿಲ್ಲಂದ್ರ?" ಎಂದ ರಾಜಾರಾಮ.

ಚಂದ್ರಮತಿಬಾಯಿ ಅವನನ್ನು ನೋಡಿದರು. "ಸೋರದಿದ್ದರೆ ಎಲ್ಲಿ ಬೇಕಾದರೂ ನಿಲ್ಲಿಸುತ್ತೇನೆ. ಟೇಬಲ್ಲು ಮಟ್ಟವಾಗಿದ್ದರೆ ನನಗೆ ಸಾಕು."

ಆ ಮಾತು ಹಿಡಿದುಕೊಂಡು ರಾಜಾರಾಮ ಬೇಸಗೆಯ ಕೊನೆಯಲ್ಲಿ ಗಾಡಿಯನ್ನು ತನ್ನ ಶೆಡ್ಡಿಗೆ ತರಿಸಿಕೊಂಡ. ತಂದವನು ಗಾಡಿಯ ಡ್ರೈವರು ಬಾಳಾಸಾಬ, ಸದಲಗಾದವನು, ಎಚ್ಚರದ ಆಸಾಮಿ. ಇಬ್ಬರೂ ಕೂಡಿ ನಾಲ್ಕೂ ಕಾಲು ಬಿಚ್ಚಿದರು. ಒಳಗಿನ ವಿದೇಶಿ ರಬ್ಬರು ಹುಳ ತಿಂದ ಹಲ್ಲಿನಂತೆ ಉದುರುತ್ತಿತ್ತು. ಅಂಥದ್ದು ಮುಂಬಯಿಯಲ್ಲಿ ಹುಡುಕಬೇಕು, ಸಿಕ್ಕರೆ ಪುಣ್ಯ ಎಂದ ಬಾಳಾಸಾಬ. ರಾಜಾರಾಮ ನಕ್ಕು, ಬೆನ್ನಿನ ಭಾಗದ ದಪ್ಪ ತೊಗಲನ್ನು ಆರಿಸಿ, ಕತ್ತರಿಸಿ, ನೆನೆಯಿಟ್ಟ.

ಇಲ್ಲಿ ಅವನ ಬುದ್ಧಿಗೆ ಒಂದು ಯೋಚನೆ ಬಂತು. ಬರಬಾರದಿತ್ತು. ಲಾರಿಯ ಜಾಕಿಗೆ ಔಡಲ ಎಣ್ಣೆ ಸರಿ. ಆದರೆ ಇದು ಲಾರಿಯಲ್ಲ. ಇದರ ಮೇಲೆ ತನ್ನ ಹೆಂಡತಿ ಮಲಗುವವಳಿದ್ದಾಳೆ, ಕೇರಿಯ ಮುದುಕರೆಲ್ಲ ಮಲಗುವವರಿದ್ದಾರೆ. ಇದಕ್ಕೆ ಅಪ್ಪನ ಹದವೇ ಆಗಬೇಕು. ಅವನು ಅಪ್ಪನ ಗಡಿಗೆಯನ್ನು ಅಟ್ಟದಿಂದ ಇಳಿಸಿ, ಕುಸುಬಿ ಎಣ್ಣೆ ಸುರಿದು, ಹಿತ್ತಲಲ್ಲಿ ಬೆಂಕಿ ಮಾಡಿ ಕುದಿಸಲು ಕೂತ. ವಾಸನೆ ಮನೆಯೊಳಗೆ ಹೊಕ್ಕಿತು. ಸುಂದರಾ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು.

"ಇದ ಮಾವನ ಎಣ್ಣಿ ಅಲ್ಲೇನ್ರಿ? ಜಾಕಿಗೆ ಔಡಲ ಎಣ್ಣಿ ಅಲ್ಲ ನೀವು ಕುಡಸೂದು?"

"ಇದ ಜಾಕಿ ಅಲ್ಲಬೇ, ದವಾಖಾನಿ. ಮೂರ ತಲಿಮಾರ ನೀರ ತಡದ ಎಣ್ಣಿ ಇದು. ನಾಕ ಕಬ್ಬಿಣದ ಕಾಲ ತಡಿಯೂದಿಲ್ಲೇನ?"

"ಮೋಟ ದಿನಾ ನೀರಾಗ ಇರತಿತ್ರಿ."

"ನೀ ಒಳಗ ನಡಿ. ಹೊಗಿ ಕಣ್ಣಿಗೆ ಬರತೈತಿ" ಎಂದು ಅವನು ಅವಳನ್ನು ಕಳಿಸಿದ. ದಿನವೂ ನೀರಿನಲ್ಲಿರುವ ತೊಗಲಿಗೆ ಆ ಎಣ್ಣೆ ಕವಚವಾಗುತ್ತದೆ. ಕೆಲಸವಿಲ್ಲದೆ ಕೂತ ತೊಗಲಲ್ಲಿ ಅದೇ ಎಣ್ಣೆ ಅರಗಿನಂತೆ ಬಿಗಿಯುತ್ತದೆ. ಅಪ್ಪ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಪ್ರಸಂಗ ಅವನಿಗೆ ಬಂದೇ ಇರಲಿಲ್ಲ. ಹೆಂಡತಿ ಹೇಳಿದಳು. ಹೆಂಡತಿ ಹೇಳಿದ್ದು ಗಂಡಸರ ಕಿವಿಗೆ ಯಾವಾಗ ಬಿದ್ದಿದೆ?

ಹೊಸ ವಾಯ್ಸರು ಕೂಡಿಸಿ ಎತ್ತಿದಾಗ ಗಾಡಿ ಬಂಡೆಯಂತೆ ನಿಂತಿತು. ಮರುದಿನ ಬೆಳಿಗ್ಗೆ ನೋಡಿದರೂ ಕೂದಲೆಳೆಯಷ್ಟು ಕುಸಿದಿರಲಿಲ್ಲ. ಬಾಳಾಸಾಬ ಅವನ ಬೆನ್ನು ತಟ್ಟಿದ. ಚಂದ್ರಮತಿಬಾಯಿ ದೀಪಾವಳಿಯ ನಂತರದ ಶಿಬಿರ ಕೇರಿಯಲ್ಲೇ ಎಂದು ಹೇಳಿ ಕಳಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು, ಗಾಡಿ ನಿಪ್ಪಾಣಿಯ ಗೋದಾಮಿನಲ್ಲಿ ಮಳೆಗಾಲವೆಲ್ಲ ಕಾಲು ಮಡಿಚಿಕೊಂಡು ಸುಮ್ಮನೆ ಕೂತಿತು.

ದೀಪಾವಳಿ ಮುಗಿಯಿತು. ಶಿಬಿರದ ದಿನ ಕೇರಿಯನ್ನು ನೋಡಬೇಕಿತ್ತು. ಸಗಣಿ ಸಾರಿಸಿದ ಅಂಗಳಗಳು, ಸುಣ್ಣ ಬಳಿದ ಸಮಾಜ ಮಂದಿರ, ಬಾಗಿಲಿಗೆ ಚೆಂಡು ಹೂವು. ಗಾಡಿ ಕೇರಿಯೊಳಗೆ ತಿರುಗಿದಾಗ ಮುದುಕಿ ಮಲಕವ್ವ ಅದರ ಮುಂದೆ ನೀರು ಸುರಿದು ಕೈ ಮುಗಿದಳು. ಊರು ಹುಟ್ಟಿದ ಮೇಲೆ ಮೊದಲ ಸಲ ಊರ ಜನ ಒಂದು ಒಳ್ಳೆಯ ಕೆಲಸಕ್ಕೆ ಈ ಕೇರಿಗೆ ಇಳಿದು ಬರುವ ಪ್ರಸಂಗ ಬಂದಿತ್ತು. ಮೇಲಿನ ಓಣಿಯ ಕೆಲವರು ಬಂದು ದೂರದಲ್ಲಿ ನಿಂತೂ ಇದ್ದರು. ರಾಜಾರಾಮ ಇಸ್ತ್ರಿಯ ಅಂಗಿ ತೊಟ್ಟು, ತಾನೇ ಹಿಡಿಕೆ ಒತ್ತಿ ನಾಲ್ಕೂ ಕಾಲು ಇಳಿಸಿದ. ಹಳ್ಳದ ಕಡೆಯ ಎರಡು ಕಾಲುಗಳು ಉದ್ದಕ್ಕೆ ಇಳಿದವು, ಗಾಡಿ ಎದ್ದು ಸಮವಾಯಿತು. ಬಾಳಾಸಾಬ ಟೇಬಲ್ಲಿನ ಮೇಲೆ ಗೌಂಡಿಯ ಲೆವಲ್ ಪಟ್ಟಿ ಇಟ್ಟ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು.

ಬಾಳಾಸಾಬ ಎಲ್ಲಿಂದಲೋ ದಪ್ಪ ಮರದ ತುಂಡುಗಳನ್ನು ಹೊತ್ತು ತಂದ. "ಮೇಸ್ತ್ರಿ, ಹಳ್ಳದ ಕಡೆ ಇವನ್ನಿಷ್ಟ ಕೆಳಗ ಕೊಟ್ಟ ಬಿಡೂಣು."

ರಾಜಾರಾಮನ ಮುಖ ಬದಲಾಯಿತು. ದೂರದಲ್ಲಿ ಅಣ್ಣಾಸಾಬರು ನೋಡುತ್ತಿದ್ದರು, ಕೇರಿಗೆ ಕೇರಿಯೇ ನೋಡುತ್ತಿತ್ತು. "ನನ್ನ ಕೆಲಸಕ್ಕ ಊರಗೋಲ ಕೊಡ್ತಿ ಏನಲೇ? ತಗದ ಒಗಿ ಅದನ್ನ" ಎಂದ. ಬಾಳಾಸಾಬ ಭುಜ ಕುಣಿಸಿ ತುಂಡುಗಳನ್ನು ಸಮಾಜ ಮಂದಿರದ ಗೋಡೆಗೆ ಆನಿಸಿಟ್ಟ.

ಮೊದಲು ಮಲಕವ್ವ ಒಳಗೆ ಹೋದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಾಗ ಕೇರಿಯೇ ಉಸಿರುಬಿಟ್ಟಿತು. ಆಮೇಲೆ ಸುಂದರಾ. ಮೆಟ್ಟಿಲು ಹತ್ತುವಾಗ ಅವಳು ಗಂಡನ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ಅಷ್ಟು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ಅವಳು ಹಾಗೆ ಕೈ ಹಿಡಿದದ್ದು ಅದೇ ಮೊದಲು. ರಾಜಾರಾಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಡಾಕ್ಟರು ಕಣ್ಣು ಮರಗಟ್ಟುವ ಸೂಜಿ ಕೊಟ್ಟು, ಚಾಕು ಕೈಗೆತ್ತಿಕೊಳ್ಳುವಷ್ಟರಲ್ಲಿ ಗಾಡಿ ಒಂದು ಸಲ ನರಳಿದಂತೆ ಆಯಿತು. ಹಳ್ಳದ ಕಡೆಯ ಒಂದು ಕಾಲಿನಿಂದ ಎಣ್ಣೆ ಚಿಮ್ಮಿತು. ಆ ಮೂಲೆ ಮೊದಲು ಮೆಲ್ಲಗೆ, ಆಮೇಲೆ ಒಮ್ಮೆಲೇ ಕುಸಿಯಿತು. ಒಳಗೆ ಬಾಟಲಿಗಳು ಒಡೆದವು, ಯಾರೋ ಚೀರಿದರು. ಚಂದ್ರಮತಿಬಾಯಿ ಚಾಕು ಎಸೆದು, ಸುಂದರಾಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದರಿಂದ ಅವಳು ಟೇಬಲ್ಲಿನಿಂದ ಬೀಳಲಿಲ್ಲ. ಕಣ್ಣಿಗೆ ಏನೂ ಆಗಲಿಲ್ಲ. ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಷ್ಟೆ.

ಅಣ್ಣಾಸಾಬರು ಹತ್ತಿರ ಬಂದು ಬಹಳ ನೋವಿನಿಂದ ಹೇಳಿದರು: "ನಾ ಮೊದಲ ಹೇಳಿದ್ನೆಲ್ರಿ ಬಾಯಿ. ನೆಲ ಚಲೋ ಇಲ್ಲ ಇಲ್ಲಿ. ದೇವರ ದೊಡ್ಡಾವ, ಜೀವ ಉಳೀತು." ಡಾಕ್ಟರು ಒಡೆದ ಬಾಟಲಿಗಳ ಗಾಜು ಆರಿಸುತ್ತಿದ್ದರು. ಅವರು ಬರಿದೇ ತಲೆಯಾಡಿಸಿದರು. ಸಂಜೆಯೊಳಗೆ ಗಾಡಿ ಗುಡಿಯ ಅಂಗಳಕ್ಕೆ ಹೋಯಿತು.

ಅದಕ್ಕೆ ಮೊದಲು ರಾಜಾರಾಮ ಕುಸಿದ ಕಾಲನ್ನು ಬಿಚ್ಚಿ ನೋಡಿದ್ದ. ವಾಯ್ಸರು ಹಳೆಯ ಖಡಕ್ ರೊಟ್ಟಿಯಂತೆ ಸೆಟೆದು, ಅಂಚಿನಲ್ಲಿ ಬಿರಿದಿತ್ತು. ಬೆರಳಿನಿಂದ ಒತ್ತಿದ, ಬಾಗಲಿಲ್ಲ, ಮುರಿಯಿತು. ನೆಲದ ಕಡೆ ನೋಡಿದ. ಕಾಲಿನ ಪಾದ ಇಟ್ಟ ಜಾಗದಲ್ಲಿ ಮಣ್ಣು ಒಂದಿಷ್ಟೂ ತಗ್ಗಿರಲಿಲ್ಲ. ತಪ್ಪು ಯಾರದೆಂದು ಅವನಿಗೆ ಆಗಲೇ ತಿಳಿಯಿತು. ತುಂಡನ್ನು ಕಿಸೆಗೆ ಹಾಕಿಕೊಂಡು ಸುಮ್ಮನೆ ಮನೆಗೆ ಬಂದ. ಹೆಸರು ಹೋದರೆ ಶೆಡ್ಡು ಹೋಗುತ್ತದೆ, ಅದೂ ತಿಳಿದಿತ್ತು.

ಎಷ್ಟೋ ದಿನ ಅವನು ಸರಿಯಾಗಿ ಉಣ್ಣಲಿಲ್ಲ. ನೀರಿಗೆ ಹೋದಲ್ಲಿ, ಚಾದ ಅಂಗಡಿಯಲ್ಲಿ, ಎಲ್ಲಾ ಕಡೆ ಒಂದೇ ಮಾತು: ಆ ಕೇರಿಯ ನೆಲವೇ ಹಾಗೆ. ಕೇರಿಯವರೂ ಅದನ್ನೇ ಹೇಳತೊಡಗಿದರು. ತನ್ನ ಒಂದು ಗಡಿಗೆ ಎಣ್ಣೆಯ ತಪ್ಪನ್ನು ಇಡೀ ಕೇರಿಯ ನೆಲ ಹೊತ್ತುಕೊಂಡದ್ದನ್ನು ಅವನಿಗೆ ನೋಡಲಾಗಲಿಲ್ಲ. ಒಂದು ಮುಂಜಾನೆ ಅವನು ಸುಂದರಾಳ ಮುಂದೆ ಕೂತು, ಆ ತುಂಡನ್ನು ಅವಳ ಕೈಯಲ್ಲಿಟ್ಟ. ಅವಳು ಮೂಸಿ ನೋಡಿದಳು. "ಹೋಗಿ ಹೇಳಿ ಬರ್ರಿ" ಎಂದಳು.

ನಿಪ್ಪಾಣಿಯಲ್ಲಿ ಮಂಡಳಿಯ ಸಭೆಗೆ ಅಣ್ಣಾಸಾಬರೂ ಬಂದಿದ್ದರು. ರಾಜಾರಾಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮುರಿದ ವಾಯ್ಸರನ್ನು ಮೇಜಿನ ಮೇಲಿಟ್ಟ. "ನೆಲದ ತಪ್ಪಲ್ರಿ. ನಂದು. ಹಾಕಬಾರದ ಎಣ್ಣಿ ಹಾಕಿ ಕೂಡಿಸಿದೆ. ಮರದ ತುಂಡ ಕೊಡತೀನಂದ್ರ ಅದನ್ನೂ ಬ್ಯಾಡ ಅಂದೆ. ಈ ಬಾಳಾಸಾಬನ್ನ ಕೇಳ್ರಿ. ಮುಂಬಯಿಂದ ರಬ್ಬರ ತಂದ ಹಾಕ್ರಿ, ಬ್ಯಾರೆ ಮೇಸ್ತ್ರಿ ಕಡಿಂದ ಹಾಕಸ್ರಿ. ಆದ್ರ ಗಾಡಿ ಕೇರಿಗೆ ಕಳಸ್ರಿ."

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ. ಇಲ್ಲಿ ಕುಣಿದವನೇ ಬಂದು ಡೊಂಕು ನನ್ನದು ಎಂದು ಕೈ ಮುಗಿದು ನಿಂತಿದ್ದ. ನೋಡುವವರು ನೆಲವನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಅಣ್ಣಾಸಾಬರು ಎದ್ದು ಬಂದು ಎಲ್ಲರ ಎದುರು ಅವನ ಹೆಗಲ ಮೇಲೆ ಕೈಯಿಟ್ಟರು. "ದೊಡ್ಡ ಮನಸ್ಸರಿ ಇವಂದು. ತನ್ನ ಮಂದಿ ಸಲುವಾಗಿ ತಪ್ಪ ತನ್ನ ಮ್ಯಾಲ ಹಾಕ್ಕೊಳಾಕತ್ತಾನ. ಆದ್ರ ನೆಲ ನೆಲಾನ ಅಲ್ಲರಿ?" ಸಭೆಗೆ ಕಣ್ಣು ತುಂಬಿ ಬಂತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಚಂದ್ರಮತಿಬಾಯಿ ಮುರಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಆದರೆ ಅವತ್ತು ಕೈಯಲ್ಲಿ ಹಿಡಿದಿದ್ದ ಚಾಕು ಅವರ ಮನಸ್ಸಿನಿಂದ ಹೋಗಿರಲಿಲ್ಲ. "ಇನ್ನೊಮ್ಮೆ ಆ ಧೈರ್ಯ ನನ್ನಿಂದಾಗದು" ಎಂದರು.

ಹೊಗಳಿಕೆಯ ಜೊತೆಗೆ ಸುದ್ದಿಯೂ ಹಬ್ಬಿತು. ಕೇರಿಗೆ ಗಾಡಿ ತರಿಸಲು ಅವನ ಮಾತು ಸುಳ್ಳಾಯಿತು, ಅವನಿಗೆ ಜಾಕಿ ಕೊಡದಿರಲು ಅದೇ ಮಾತು ನಿಜವಾಯಿತು. ವಾಯ್ಸರ್ ಬಿರಿದು ಗಾಡಿ ಕೆಡವಿದವನ ಹತ್ತಿರ ಲಾರಿಯ ಕೆಳಗೆ ಮಲಗುವವರು ಯಾಕೆ ಹೋದಾರು? ಶೆಡ್ಡಿನ ಮುಂದೆ ಹುಲ್ಲು ಬೆಳೆಯಿತು. ರಾಜಾರಾಮ ಕಬ್ಬಿನ ಸೀಜನ್ನಿನಲ್ಲಿ ಟ್ರಾಲಿಗಳಿಗೆ ಗ್ರೀಸು ಹಚ್ಚುವ ಕೆಲಸಕ್ಕೆ ಹೋಗತೊಡಗಿದ. ಕಣ್ಣಿನ ಗಾಡಿಗೆ ಮುಂಬಯಿಯ ರಬ್ಬರು ಬಂತು. ಕಾಲುಗಳು ಈಗ ಎಂಥ ಇಳಿಜಾರಿನಲ್ಲೂ ನಿಲ್ಲಬಲ್ಲವು. ನಿಲ್ಲುತ್ತಿದ್ದದ್ದು ಮಾತ್ರ ಗುಡಿಯ ಅಂಗಳದಲ್ಲಿ, ಪ್ರತಿ ವರ್ಷ. ಸುಂದರಾ ತನ್ನ ಮಾತಿಗೆ ಅಂಟಿಕೊಂಡಳು. ಪ್ರತಿ ವರ್ಷ ಅವನು ಬೇಡಿಕೊಂಡ, ಪ್ರತಿ ವರ್ಷ ಅವಳು ಒಲ್ಲೆ ಎಂದಳು. ಇಬ್ಬರದೂ ಹಟ, ಹಟಕ್ಕೆ ಬೆಲೆ ತೆತ್ತದ್ದು ಒಬ್ಬಳ ಕಣ್ಣು.

ತೊಂಬತ್ತರ ದಶಕ ಸಾಕಷ್ಟು ಸರಿದ ಮೇಲೆ ಸುಂದರಾಳ ಕಣ್ಣಿಗೆ ವಿಪರೀತ ನೋವು ಹತ್ತಿತು. ತಲೆಯನ್ನು ಗೋಡೆಗೆ ಒತ್ತಿಕೊಂಡು ನರಳುತ್ತಿದ್ದವಳನ್ನು ರಾಜಾರಾಮ ಕೇಳಲಿಲ್ಲ, ಹೇಳಲಿಲ್ಲ. ತೋಳು ಹಿಡಿದು ಗುಡಿಯ ಅಂಗಳಕ್ಕೆ ಕರೆದುಕೊಂಡು ಹೋದ. ಈಗ ಹೊರಗೆ ನಿಲ್ಲಿ ಎನ್ನುವವರು ಯಾರೂ ಇರಲಿಲ್ಲ. ಅಣ್ಣಾಸಾಬರು ತೀರಿಹೋಗಿದ್ದರು, ಡಾಕ್ಟರೂ ಹೊಸಬರು, ಯಾರೋ ತರುಣ. ಅವರು ಟಾರ್ಚು ಬಿಟ್ಟು ಎರಡೂ ಕಣ್ಣು ನೋಡಿ ಹೇಳಿದರು: ಪೊರೆ ಹಣ್ಣಾಗಿ ಒಳಗೇ ಒಡೆದಿದೆ, ನರ ಸತ್ತಿದೆ, ನೋವಿಗೆ ಔಷಧ ಕೊಡಬಲ್ಲೆ, ಬೆಳಕು ತರಲಾರೆ. ರಾಜಾರಾಮ ಇನ್ನೊಮ್ಮೆ ಟಾರ್ಚು ಬಿಟ್ಟು ನೋಡಿರೆಂದು ಬೇಡಿಕೊಂಡ. ಸುಂದರಾ ಮಾತ್ರ "ಇರಲಿ ಬಿಡ್ರಿ" ಎಂದು ತಾನಾಗಿಯೇ ಮೆಟ್ಟಿಲಿಗಾಗಿ ಕಾಲಿನಿಂದ ತಡವಿದಳು.

ಅವಳನ್ನು ಕಟ್ಟೆಯ ಮೇಲೆ ಕೂಡಿಸುವಷ್ಟರಲ್ಲಿ ಬಾಳಾಸಾಬ ಓಡಿ ಬಂದ. ತಲೆ ಬೆಳ್ಳಗಾಗಿತ್ತು. "ಮೇಸ್ತ್ರಿ, ಕೇಳಬಾರದು, ಕೇಳ್ತೀನಿ. ಒಂದ ಕಾಲ ಗಾಡಿ ಎತ್ತವಲ್ದು. ಟೇಬಲ್ಲ ಒಂದ ಕಡೆ ವಾಲೈತಿ. ಮಂದಿ ಕಾಯಾಕತ್ಯಾರ, ಬ್ಯಾರೆ ಯಾರೂ ಇಲ್ಲ."

ರಾಜಾರಾಮ ಹೆಂಡತಿಯ ಕಡೆ ನೋಡಿದ. ಅವಳು ಮುಖ ಎತ್ತಿ, ಅವನಿದ್ದಾನೆಂದು ತಾನು ತಿಳಿದ ದಿಕ್ಕಿಗೆ, "ಹೋಗ್ರಿ" ಎಂದಳು. ಅವನು ಅಂಗಿ ಕಳಚಿ ಅವಳ ತೊಡೆಯ ಮೇಲಿಟ್ಟ. ಫರಸಿಯ ಮೇಲೆ ಬೆನ್ನೂರಿ ಗಾಡಿಯ ಕೆಳಗೆ ಸರಿದ. ನಟ್ಟು ಸಡಿಲಿಸಿ ಸಿಕ್ಕಿಕೊಂಡ ಗಾಳಿ ಬಿಟ್ಟ, ಎಣ್ಣೆ ಮುಖದ ಮೇಲೆ ಸಿಡಿಯಿತು, ಒರೆಸಿಕೊಳ್ಳಲಿಲ್ಲ. ಗಾಡಿಯ ಆ ಮೂಲೆ ಮೆಲ್ಲಗೆ ಮೇಲೆದ್ದಿತು. ಒಳಗಿನಿಂದ ಬಾಳಾಸಾಬ "ಸಾಕ ಮೇಸ್ತ್ರಿ, ಮಟ್ಟ ಆತು" ಎಂದ. ರಾಜಾರಾಮ ಇನ್ನೂ ಗಾಡಿಯ ಕೆಳಗೆ ಮಲಗಿರುವಾಗಲೇ ಮೇಲೆ ಬಾಗಿಲು ತೆರೆಯಿತು, ಇನ್ನೊಬ್ಬರ ಹೆಸರು ಕೂಗಿದರು.